ಬಲಗೆನ್ನೆ

ಅಕ್ಕನ ಕೆನ್ನೆಯ ಸುಟ್ಟ ಗಾಯವನ್ನು ತಂಗಿಯ ಕೆನ್ನೆಗೆ ಅಂಟಿಸಿ, ಅದು ತಂಗಿಯದೇ ಎಂದು ಲೋಕಕ್ಕೆಲ್ಲ ತೋರಿಸಿದರು.

ಬಟ್ಟೆ ಕಾರ್ಖಾನೆಯಲ್ಲಿ ಇಸ್ತ್ರಿಯ ಆವಿ ಕೊಳವೆ ಸಿಡಿದು ಅಕ್ಕನ ಬಲಗೆನ್ನೆ ಬೆಂದಿತ್ತು. ಕೊಳವೆ ಸೋರುತ್ತಿದೆ ಎಂದು ಅವಳು ಮೊದಲೇ ಬಾಯಿ ಬಡಿದುಕೊಂಡಿದ್ದಳು. ಬೆಂದ ಮೇಲೆ ತಪ್ಪು ಅವಳದೇ ಎಂದಾಯಿತು. ಮಾಡೆಲ್ ಆಗಬೇಕೆಂದು ತಂಗಿ ಸ್ಟುಡಿಯೋಗಳ ಹೊಸ್ತಿಲು ಸವೆಸುತ್ತಿದ್ದ ಕಾಲದಲ್ಲಿ ಒಮ್ಮೆ ಜೊತೆಗೆ ಅಕ್ಕನೂ ಬಂದಳು. ಸ್ಟುಡಿಯೋದ ಮ್ಯಾನೇಜರ್ ತಂಗಿಯನ್ನು ನೋಡಿದ, ಅಕ್ಕನನ್ನು ನೋಡಿದ, ಮತ್ತೆ ತಂಗಿಯನ್ನು ನೋಡಿದ. “ನಿನ್ನಂಥ ಮುಖ ಬೀದಿಗೆ ಹತ್ತು ಸಿಗುತ್ತೆ ಕಣಮ್ಮ. ಬ್ರ್ಯಾಂಡ್ ಆಗಬೇಕಂದ್ರೆ ಮುಖಕ್ಕೊಂದು ಕತೆ ಬೇಕು,” ಎಂದ. ಮೇಕಪ್‌ನವನು ಅಕ್ಕನ ಕೆನ್ನೆಯ ಅಚ್ಚು ತೆಗೆದು ರಬ್ಬರಿನ ತೆಳು ಪೊರೆ ಮಾಡಿದ. ಚಿಕ್ಕಂದಿನಲ್ಲಿ ಕುದಿಯುವ ನೀರು ಮೈಮೇಲೆ ಎಳೆದುಕೊಂಡ ಕತೆಯೊಂದನ್ನು ಮ್ಯಾನೇಜರನೇ ಹೊಲಿದು ಕೊಟ್ಟ. ತಂಗಿ ‘ಗಾಯದ ಹುಡುಗಿ’ಯಾದಳು. ಅಳುವವರು, ಮೆಚ್ಚುವವರು, ನೀನೇ ನಮ್ಮ ಧೈರ್ಯ ಎಂದು ಬರೆಯುವವರು ಮೊಬೈಲ್ ತುಂಬ ತುಂಬಿಕೊಂಡರು. ಕೊನೆಗೆ ಅಕ್ಕ ಇಸ್ತ್ರಿ ಹಾಕುತ್ತಿದ್ದ ಬಟ್ಟೆಗಳ ಕಂಪನಿಯೇ ತಂಗಿಯನ್ನು ಹುಡುಕಿಕೊಂಡು ಬಂತು. ಇವತ್ತು ಸಂಜೆ ಒಪ್ಪಂದಕ್ಕೆ ಸಹಿ ಆಗಬೇಕಿತ್ತು.

ಬೆಳಿಗ್ಗೆಯೇ ಎಡವಟ್ಟಾಯಿತು. ಯಾರೋ ಎರಡು ಫೋಟೊಗಳನ್ನು ಅಕ್ಕಪಕ್ಕ ಇಟ್ಟು ಹಾಕಿದ್ದರು. ಒಂದರಲ್ಲಿ ಗಾಯ ಬಲಗೆನ್ನೆಯಲ್ಲಿ, ಇನ್ನೊಂದರಲ್ಲಿ ಎಡಗೆನ್ನೆಯಲ್ಲಿ. ಕೆಳಗೆ ಒಂದೇ ಸಾಲು: ‘ಗಾಯಕ್ಕೂ ಕಾಲು ಬಂತೇ?’

“ಅವತ್ತು ಪೊರೆ ಹರಿದಿತ್ತು ಸಾರ್,” ಮೇಕಪ್‌ನವನು ತೊದಲಿದ. “ಅಕ್ಕನ್ನ ಎದುರಿಗೆ ಕೂರಿಸ್ಕೊಂಡು, ಇವರನ್ನ ಕನ್ನಡೀಲಿ ನೋಡ್ಕೊಂಡು ಕೈಯಲ್ಲೇ ಬಿಡಿಸಿದೆ. ಎಡ ಬಲ ಅದಲುಬದಲಾಗೋಯ್ತು.”

“ನಿನ್ನ ತಲೆ ಅದಲುಬದಲಾಗಿದೆ!” ಮ್ಯಾನೇಜರ್ ಕೋಣೆಯ ತುಂಬ ಎರಡು ಸಲ ಓಡಾಡಿದ. ಮೂಲೆಯಲ್ಲಿ ತಂಗಿಯ ಬಟ್ಟೆ ಮಡಚುತ್ತಿದ್ದ ಅಕ್ಕನ ಮುಂದೆ ನಿಂತ. ದನಿ ಬೆಣ್ಣೆಯಾಯಿತು. “ನೀವೇ ಕಾಪಾಡಬೇಕಮ್ಮ. ಮೊಬೈಲಲ್ಲಿ ಲೈವ್ ತೋರಿಸ್ತೀವಿ. ನೀವು ಸೋಪು ಹಾಕ್ಕೊಂಡು ಕೆನ್ನೆ ತಿಕ್ಕಿ ತೊಳೀರಿ, ಅಷ್ಟೆ. ಗಾಯ ಹೋಗಲ್ಲ, ಜನರ ಬಾಯಿ ಮುಚ್ಚುತ್ತೆ. ಕೆನ್ನೆ ಮಾತ್ರ ಕಾಣ್ಬೇಕು. ಕಣ್ಣು, ಮೂಗು ಯಾವುದೂ ಬೇಡ. ಮಾತು ಇವಳದು.”

ಅಕ್ಕ ತಂಗಿಯ ಮುಖ ನೋಡಿದಳು. ತಂಗಿ ಉಗುರು ಕಚ್ಚುತ್ತಿದ್ದಳು.

“ತೊಳೀತೀನಿ ಬಿಡಿ,” ಎಂದಳು ಅಕ್ಕ. “ದಿನಾ ತೊಳಿಯೋ ಮುಖಾನೇ ತಾನೆ.”

ಬಚ್ಚಲಿನ ಬೇಸಿನ್ ಪಕ್ಕಕ್ಕೆ ದೀಪ ಬಂತು. ಮೊಬೈಲನ್ನು ಕೆನ್ನೆಯ ಹತ್ತಿರಕ್ಕೆ ತಂದು ನಿಲ್ಲಿಸಿದರು. ಪೊರೆ ಕಿತ್ತು ಬರಿಗೆನ್ನೆಯಾಗಿದ್ದ ತಂಗಿ ಯಾರಿಗೂ ಕಾಣದಂತೆ ಬಾಗಿಲ ಮರೆಯಲ್ಲಿ ಮೈಕ್ ಹಿಡಿದು ಕೂತಳು. ಶುರುವಾಯಿತು. ನೋಡುವವರ ಸಂಖ್ಯೆ ಹಾಲು ಉಕ್ಕಿದಂತೆ ಏರತೊಡಗಿತು.

“ನನ್ನ ಗಾಯ ಸುಳ್ಳು ಅಂದ್ರಲ್ಲ, ನೋಡಿ,” ಎಂದಳು ತಂಗಿ ನಡುಗುವ ದನಿಯಲ್ಲಿ. ಅಕ್ಕ ಸೋಪು ಉಜ್ಜಿದಳು, ನೀರು ಎರಚಿದಳು. ಮುದುಡಿದ ಚರ್ಮದ ಗೆರೆಗಳಲ್ಲಿ ನೊರೆ ನಿಂತು, ಇಳಿದು, ಹೋಯಿತು. ಗಾಯ ಇದ್ದಲ್ಲೇ ಇತ್ತು. ಮ್ಯಾನೇಜರ್ ಉಸಿರು ಬಿಟ್ಟ. ಮುಂದಿನ ಮಾತಿಗೆಂದು ತಂಗಿಗೆ ಕೈ ತೋರಿಸಿದ.

“ನಾನು ಚಿಕ್ಕವಳಿದ್ದಾಗ,” ತಂಗಿ ಬಾಯಿಪಾಠ ಒಪ್ಪಿಸಿದಳು, “ಅಡುಗೆಮನೇಲಿ ಕುದಿಯೋ ನೀರು ಎಳ್ಕೊಂಡೆ. ತಪ್ಪು ಯಾರದೂ ಅಲ್ಲ, ನನ್ನದೇ.”

ಅಕ್ಕನ ಕೈ ನಿಂತಿತು.

ನಲ್ಲಿ ಸುರಿಯುತ್ತಲೇ ಇತ್ತು. ಅವಳು ಅದನ್ನು ನಿಲ್ಲಿಸಿದಳು. ಮೆಲ್ಲಗೆ ಮುಖವನ್ನು ಮೊಬೈಲಿನ ಕಡೆ ತಿರುಗಿಸಿದಳು: ಮೊದಲು ಮೂಗು, ಆಮೇಲೆ ಒಂದು ಕಣ್ಣು, ಆಮೇಲೆ ಇನ್ನೊಂದು. ಮ್ಯಾನೇಜರ್ ಗಾಳಿಯಲ್ಲಿ ಕೈ ಬೀಸಿ ಆ ಕಡೆ, ಆ ಕಡೆ ಎಂದು ಸನ್ನೆ ಮಾಡಿದ. ಮೊಬೈಲಿಗೆ ಕೈ ಹಾಕಿ ಆರಿಸುವಂತಿರಲಿಲ್ಲ. ಆರಿಸಿದರೆ ಸುಳ್ಳೆಂದು ತಾನೇ ಒಪ್ಪಿಕೊಂಡ ಹಾಗೆ. ಹಣೆಯ ಬೆವರು ಒರೆಸಿಕೊಂಡು ತಂಗಿಯ ಬೆನ್ನಿಗೆ ತಿವಿದ.

ತಂಗಿ ಮೈಕನ್ನು ಸೆರಗಿನಲ್ಲಿ ಮುಚ್ಚಿ ಪಿಸುಗುಟ್ಟಿದಳು. “ಅಕ್ಕಾ, ನನ್ನ ಬದುಕು ಕಣೆ. ದಮ್ಮಯ್ಯ, ಒಂಚೂರು ಆ ಕಡೆ ತಿರುಗೇ.”

“ಕಾರ್ಖಾನೆಗೆ ದೊಡ್ಡೋರು ಬಂದಾಗೆಲ್ಲ ನನ್ನ ಗೋಡೆ ಕಡೆ ತಿರುಗಿಸಿ ಕೂರಿಸ್ತಿದ್ರು,” ಎಂದಳು ಅಕ್ಕ. ಪಿಸುಮಾತಲ್ಲ, ಇಸ್ತ್ರಿ ಯಂತ್ರಗಳ ಗದ್ದಲದ ನಡುವೆ ಮಾತಾಡಿ ರೂಢಿಯಾದ ದನಿ. ಮೊಬೈಲಿಗೆ ಬೇರೆ ಮೈಕೇ ಬೇಕಿರಲಿಲ್ಲ. “ತಿರುಗಿ ಕೂತೆ. ಆಗ ನೀನು ಮನೇಲಿ ಅತ್ತಿದ್ದೆ, ಯಾಕಕ್ಕಾ ತಿರುಗಿದೆ ಅಂತ.”

ತಂಗಿಯ ಕೈ ತಾನಾಗಿ ತನ್ನ ನುಣ್ಣನೆಯ ಬಲಗೆನ್ನೆಯನ್ನು ಮುಚ್ಚಿಕೊಂಡಿತು.

“ತಿರುಗೋಕೆ ಹೇಳೇ!” ಮ್ಯಾನೇಜರ್ ಹಲ್ಲು ಕಚ್ಚಿದ.

“ತಿರುಗಲ್ಲ,” ಎಂದಳು ಅಕ್ಕ, ಮೊಬೈಲಿನ ಕಣ್ಣಲ್ಲಿ ಕಣ್ಣಿಟ್ಟು. “ಕೆನ್ನೆ ಬೇಕಂದ್ರೆ ಕಣ್ಣೂ ಜೊತೆಗೇ ಬರುತ್ತೆ.”