ವಿಷಯಾಂತರ, ಅಳಿಸಲಾಗಿದೆ

ಆ ಪ್ರಶ್ನೆಯನ್ನು ಎರಡನೇ ಸಲ ಅಳಿಸಿ ಅವನು ಫೋನನ್ನು ಎದೆಗವಚಿಕೊಂಡ. ಯಾರೂ ನೋಡಿರಲಾರರು. ಅದು ಅಲ್ಲಿ ಇದ್ದದ್ದು ಹನ್ನೊಂದು ಸೆಕೆಂಡು ಮಾತ್ರ.

ಲಿಫ್ಟ್ ರಿಪೇರಿಯವರಿಗಾಗಿಯೇ ಇರುವ ನಮ್ಮ ಆನ್‌ಲೈನ್ ಬಳಗದಲ್ಲಿ ನಾಲ್ಕು ಸಾವಿರ ಜನ ಇದ್ದೇವೆ. ದಿನವಿಡೀ ಕಂಡವರ ಲಿಫ್ಟಿನಲ್ಲಿ ಹತ್ತಿಳಿದು, ಬಿಡುವಾದಾಗ ಅಲ್ಲಿ ಸೇರಿ ಒಬ್ಬರನ್ನೊಬ್ಬರು ತಿದ್ದುವುದು ನಮ್ಮ ಸುಖ. ‘ನಮಸ್ಕಾರ’ ಎಂದು ಶುರುಮಾಡಿದರೆ ವಿಷಯಾಂತರ. ‘ಧನ್ಯವಾದ’ ಎಂದು ಮುಗಿಸಿದರೂ ವಿಷಯಾಂತರ. ಒಮ್ಮೆ ಯಾರೋ ಮಗಳು ಹುಟ್ಟಿದ ಸುದ್ದಿ ಹಾಕಿದಾಗ, ಮಾಡೆಲ್ ನಂಬರ್ ಇಲ್ಲವೆಂದು ಅಳಿಸಿದ ಬುದ್ಧಿವಂತರು ನಾವು.

ಅಳಿಸಿದವನು ಅವನೇ. ಬಳಗದಲ್ಲಿ ಅವನಿಗೆ ಹೆಡ್‌ಮಾಸ್ಟರ್ ಎಂದೇ ಹೆಸರು. ಅವನ ಬಿಳಿ ಮೀಸೆ ನಮ್ಮ ಹಳಬರಿಗೆಲ್ಲ ಪರಿಚಿತ. ಮನೆಯಲ್ಲಿ ಟಿವಿ ರಿಮೋಟೂ ಕೈಗೆ ಸಿಗದ ಮನುಷ್ಯ, ಇಲ್ಲಿ ಮಾತ್ರ ಹುಲಿ. ಮುಖ್ಯ ನಿರ್ವಾಹಕನನ್ನು ಆರಿಸುವ ಮತದಾನ ಅಂದು ಸಂಜೆ ಐದಕ್ಕೆ ಮುಗಿಯುವುದಿತ್ತು. ಗ್ರೀಸ್‌ಡಬ್ಬಿ ಎಂಬ ಅಡ್ಡಹೆಸರಿನ ಎದುರಾಳಿ ಒಂಬತ್ತೇ ಮತ ಹಿಂದಿದ್ದ. ಹತ್ತು ವರ್ಷ ಹಂಬಲಿಸಿದ ಪಟ್ಟ. ಈಗ ಗಂಟೆ ನಾಲ್ಕೂ ಇಪ್ಪತ್ತು.

“ಬೆವರ್ತಾ ಇದ್ದೀರಲ್ಲ. ಭಯಾನಾ?” ಎಂದು ಎದುರಿಗಿದ್ದ ಹಲ್ಲಿನ ಡಾಕ್ಟರು ಕೇಳಿದರು. ಬಿಳಿ ಕೋಟಿನ, ಸಮಾಧಾನದ ಹೆಂಗಸು.

“ಸ್ವಲ್ಪ.”

“ಎಲ್ಲರಿಗೂ ಆಗುತ್ತೆ. ಮೂಗಿಂದ ನಿಧಾನಕ್ಕೆ ಉಸಿರಾಡಿ.”

ಅವನು ಹಾಗೇ ಮಾಡಿದ. ಡಾಕ್ಟರು ತಮ್ಮ ಫೋನಿಗೆ ಮರಳಿದರು. ಅವನೂ ಮರಳಿದ.

ಹೊಸ ಸದಸ್ಯರೊಬ್ಬರು ಹಾಕಿದ್ದ ಪ್ರಶ್ನೆ ಸರಳವಾಗಿತ್ತು: ಲಿಫ್ಟಿನಲ್ಲಿ ಸಿಕ್ಕಿಕೊಂಡಿದ್ದೇವೆ, ಏನು ಮಾಡಬೇಕು? ಇದು ಮೆಕ್ಯಾನಿಕ್ಕುಗಳ ವೇದಿಕೆ, ಸಾರ್ವಜನಿಕರ ಗೋಳಿಗಲ್ಲ ಎಂದು ಮೊದಲ ಸಲ ಅಳಿಸಿದ್ದ. ಆ ಸದಸ್ಯರು ನಿಯಮಗಳನ್ನು ಓದಿಕೊಂಡು, ಮಾಡೆಲ್ ನಂಬರಿನ ಸಮೇತ ಮತ್ತೆ ಬಂದರು. ಬೆಳಿಗ್ಗೆಯಷ್ಟೇ ಸರ್ವಿಸ್ ಆಗಿದೆ, ಒಳಗೆ ಅಂಟಿಸಿರುವ ನಂಬರಿಗೆ ಫೋನ್ ಮಾಡಿದರೆ ಮೆಕ್ಯಾನಿಕ್ ಎತ್ತುತ್ತಿಲ್ಲ, ಮೇಲಿನ ಮೆಷಿನ್ ರೂಮಿನ ಕೀಲಿಯೂ ಅವನ ಹತ್ತಿರವೇ ಇದೆಯಂತೆ ಎಂದೂ ಸೇರಿಸಿದ್ದರು. ಸಹೋದ್ಯೋಗಿಯನ್ನು ದೂರುವುದು ವಿಷಯಾಂತರ ಎಂದು ಈಗ ಅದನ್ನೂ ಅಳಿಸಿದ್ದ.

ಅವನು ಪ್ಯಾಂಟಿನ ಜೇಬು ಮುಟ್ಟಿ ನೋಡಿಕೊಂಡ. ಕೀಲಿ ಇತ್ತು.

ಹೌದು, ಆ ಮೆಕ್ಯಾನಿಕ್ ಅವನೇ. ಗ್ರೀಸ್‌ಡಬ್ಬಿಗೆ ಎಷ್ಟು ಮತ ಬಿತ್ತೆಂದು ಫೋನ್ ನೋಡುತ್ತ, ಬಾಗಿಲಿನ ಸ್ವಿಚ್ಚಿಗೆ ಸ್ಕ್ರೂ ಬಿಗಿಯುವುದನ್ನು ಮರೆತು, ‘ಎಲ್ಲ ಸರಿಯಿದೆ’ ಎಂದು ಸಹಿ ಹಾಕಿದ್ದ. ಅವನಿಗೆ ನಿಜಕ್ಕೂ ನಾಚಿಕೆಯಾಗಿತ್ತು. ಆದರೆ ಐದು ಗಂಟೆಯವರೆಗೆ ಅದು ಬಳಗಕ್ಕೆ ಗೊತ್ತಾಗಬಾರದು. ನಿಯಮ ಹೇಳುವ ಹೆಡ್‌ಮಾಸ್ಟರೇ ಸ್ಕ್ರೂ ಬಿಗಿಯಲಿಲ್ಲ ಎಂದರೆ ನಾವು ಬಿಡುತ್ತೇವೆಯೇ? ವರ್ಷಗಟ್ಟಲೆ ಆಡಿಕೊಳ್ಳುತ್ತಿದ್ದೆವು.

ತಾನೇ ಎದ್ದು ಹೋಗಿ ಸರಿಮಾಡುವ ಸ್ಥಿತಿಯಲ್ಲಿ ಅವನಿರಲಿಲ್ಲ. ಮನೆಯಲ್ಲಿರುವ ಇನ್ನೊಂದು ಕೀಲಿ ತೆಗೆದುಕೊಂಡು ಓಡು ಎಂದು ಭಾವಮೈದುನನಿಗೆ ಆಗಲೇ ಮೆಸೇಜ್ ಕಳಿಸಿದ್ದ. ಉತ್ತರ ಬಂತು: ‘ಟ್ರಾಫಿಕ್ಕಲ್ಲಿದ್ದೀನಿ ಭಾವ. ನೀವು ಅಲ್ಲೇ ಇರಿ.’ ಕೊನೆಯ ಮಾತು ಅವನಿಗೆ ಸ್ವಲ್ಪ ಅಧಿಕಪ್ರಸಂಗ ಅನಿಸಿತು.

ಪರದೆಯ ಮೇಲೆ ಗುರುತಿಲ್ಲದ ನಂಬರು ಮೂಡಿತು. ಫೋನಿನ ಸದ್ದನ್ನು ಮೊದಲೇ ಅಡಗಿಸಿದ್ದ. ತಾನಾಗಿ ನಿಲ್ಲುವವರೆಗೂ ಅದನ್ನೇ ನೋಡುತ್ತ ಕೂತ.

ಮೂರನೇ ಸಲ ಪ್ರಶ್ನೆ ಬಂತು. ದೂರಿರಲಿಲ್ಲ. ಬದಲಿಗೆ, ಜೊತೆಗೆ ನಲ್ಲಿ ರಿಪೇರಿಯವರೊಬ್ಬರು ಇದ್ದಾರೆ, ಪಾಪ, ಅವರಿಗೆ ಲಿಫ್ಟಿನ ಗಂಧಗಾಳಿಯೂ ಇಲ್ಲವಂತೆ ಎಂಬ ಸಾಲಿತ್ತು. ಅವನಿಗೆ ಮೈಯೆಲ್ಲ ಉರಿಯಿತು. ಸಂಗಡಿಗರ ಗುಣವರ್ಣನೆ ವಿಷಯಾಂತರ ಎಂದು ಬರೆದು ಅಳಿಸಿಬಿಟ್ಟ.

ನಾಲ್ಕು ಐವತ್ತಕ್ಕೆ ನಾಲ್ಕನೆಯದು. ನಮಸ್ಕಾರವಿಲ್ಲ, ಧನ್ಯವಾದವಿಲ್ಲ, ಗೋಳಾಟವಿಲ್ಲ. ಮಾಡೆಲ್, ನಿಂತ ಮಹಡಿ, ಫಲಕದಲ್ಲಿ ಮಿನುಗುತ್ತಿರುವ ಅಂಕಿ, ಕೆಳಗೊಂದು ಫೋಟೋ. ಅಷ್ಟು ಅಚ್ಚುಕಟ್ಟಾದ ಪ್ರಶ್ನೆಯನ್ನು ಹತ್ತು ವರ್ಷದಲ್ಲಿ ಅವನು ಕಂಡಿರಲಿಲ್ಲ. ನಮ್ಮ ಯಾರಿಂದಲೂ ಆಗದ್ದನ್ನು ಒಬ್ಬ ಹೊಸಬರು ಅರ್ಧ ಗಂಟೆಯಲ್ಲಿ ಕಲಿತಿದ್ದರು. ಅವನಿಗೆ ಹೆಮ್ಮೆಯಿಂದ ಕಣ್ಣು ತುಂಬಿ ಬಂತು.

ಆಮೇಲೆ ಫೋಟೋವನ್ನು ಹಿಗ್ಗಿಸಿ ನೋಡಿದ. ಕೂಡಲೇ ಬರೆದ: ‘ಚಿತ್ರದಲ್ಲಿ ವಿಷಯಕ್ಕೆ ಸಂಬಂಧವಿಲ್ಲದ ವಸ್ತುವಿದೆ. ಅಳಿಸಲಾಗಿದೆ.’

ಆದರೆ ಗ್ರೀಸ್‌ಡಬ್ಬಿ ಎಚ್ಚೆತ್ತಿದ್ದ. ‘ಅಷ್ಟೊತ್ತಿಂದ ಏನು ಅಳಿಸ್ತಾ ಇದ್ದೀರಿ ಹೆಡ್‌ಮಾಸ್ಟ್ರೇ? ಮುಂದಿನ ಫೋಟೋ ಬಂದ ಕೂಡ್ಲೇ ನಾನೇ ಇಳಿಸ್ಕೊಂಡು ಎಲ್ಲರಿಗೂ ಹಂಚ್ತೀನಿ’ ಎಂದು ಬಳಗದ ಮುಂದೆಯೇ ಬರೆದ. ನಾಲ್ಕು ಸಾವಿರ ಜನ ಕಾಯತೊಡಗಿದೆವು.

ಡಾಕ್ಟರು ಫೋನಿನಿಂದ ತಲೆಯೆತ್ತಿದರು.

“ನೀವು ಸ್ವಲ್ಪ ಪಕ್ಕಕ್ಕೆ ಸರೀತೀರಾ? ಈ ಲಿಫ್ಟಿನ ಫೋಟೋ ಇನ್ನೊಂದ್ಸಲ ಕಳಿಸ್ಬೇಕಂತೆ. ಕನ್ನಡೀಲಿ ನಿಮ್ಮ ಮುಖ ಬಂದುಬಿಟ್ಟಿದೆ. ನಲ್ಲಿ ರಿಪೇರಿಯವರು ಕಂಡ್ರೆ ಆ ಬಳಗದವರಿಗೇನು ತೊಂದರೆಯೋ.”

ಅವನು ಎಡಕ್ಕೆ ಸರಿದ, ಬಲಕ್ಕೆ ಸರಿದ. ಆ ಲಿಫ್ಟಿನ ಮೂರೂ ಗೋಡೆಗಳಿಗೆ ಕನ್ನಡಿಯಿತ್ತು.