ಸಾರಿನ ಕೊಪ್ಪರಿಗೆ

"ಬಾಯ್ಬಿಟ್ಟು ಹೇಳ್ಕೋ ಅಕ್ಕಾ, ಸುಮ್ನಿದ್ರೆ ಹೆಡ್ ಕುಕ್ ಯಾವಾಗಾಗ್ತೀಯ?" ಎಂದು ತಿವಿದವಳು ಶಾಲೆಯ ಬಿಸಿಯೂಟಕ್ಕೆ ನನ್ನ ಜೊತೆ ಬೇಯಿಸುವ ಚೌಡಮ್ಮ. ಸಾಹೇಬರು ತಪಾಸಣೆಗೆ ಬಂದಾಗ ಅವಳೇ ನನ್ನನ್ನು ಮುಂದೆ ದೂಡಿದಳು.

"ಇನ್ನೂರು ಮಕ್ಕಳಿಗೂ ನಾನೊಬ್ಳೇ ಬೇಯ್ಸೋದು ಸ್ವಾಮಿ! ಬೆಟ್ಟದಂಥ ಈ ಕೊಪ್ಪರಿಗೇನ ಒಂದೇ ಕೈಲಿ ಇಳಿಸ್ತೀನಿ!"

"ಮತ್ತೆ ಈಯಮ್ಮ ಏನ್ಮಾಡ್ತಾರೆ?"

"ಇವ್ಳಾ? ನಾನು ಮಾಡಿದ್ದನ್ನ ರುಚಿ ನೋಡ್ತಾಳೆ!"

ಚೌಡಮ್ಮನೂ ಬಿದ್ದು ಬಿದ್ದು ನಕ್ಕಳು. ಸಾಹೇಬರು ನಗುತ್ತಲೇ ಬರೆದುಕೊಂಡರು.

ಸೋಮವಾರ ಆದೇಶ ಬಂತು. ನಾನು ಹೆಡ್ ಕುಕ್. ಒಬ್ಬರೇ ಸಾಕೆಂದು ಚೌಡಮ್ಮನನ್ನು ಕೆಲಸದಿಂದ ಬಿಡಿಸಿದ್ದರು.

ಊಟದ ಗಂಟೆ ಹೊಡೆಯಿತು. ಕುದಿಯುವ ಸಾರಿನ ಕೊಪ್ಪರಿಗೆಯ ಒಂದು ಕಿವಿಗೆ ಬಟ್ಟೆ ಸುತ್ತಿ ಹಿಡಿದು, ದಿನದಂತೆ ಕೂಗಿದೆ:

"ಚೌಡೀ, ಆ ಕಡೆ ಹಿಡ್ಕೊಳೇ!"