ಹೆಚ್ಚಾದ ಎಣ್ಣೆ

2019ರ ಅಕ್ಟೋಬರ್ 3, ಗುರುವಾರ. ಬೆಳಿಗ್ಗೆ ಎಂಟು ಗಂಟೆ ಇಪ್ಪತ್ತು ನಿಮಿಷಕ್ಕೆ ಗುನ್ನೆವಿ ದೋಣಿಯ ಮೋಟಾರಿನಿಂದ ಎಣ್ಣೆ ಅಳೆಯುವ ಕಡ್ಡಿಯನ್ನು ಹೊರಗೆಳೆದಳು. ಒರೆಸಿ, ಮತ್ತೆ ಅದ್ದಿ, ಮತ್ತೆ ಎಳೆದಳು. ಎಣ್ಣೆ ಮೇಲಿನ ಗೆರೆಗಿಂತ ಹನ್ನೊಂದು ಮಿಲಿಮೀಟರ್ ಎತ್ತರಕ್ಕೆ ಅಂಟಿತ್ತು. ಕಡಿಮೆಯಾಗಿದ್ದರೆ ಅವಳು ಹೆದರುತ್ತಿರಲಿಲ್ಲ, ಸುರಿದರಾಯಿತು. ಹೆಚ್ಚಾಗಿದೆಯೆಂದರೆ ಇನ್ನೇನೋ ಒಳಗೆ ಸೇರಿದೆ. ಸುತ್ತ ಕಣ್ಣು ಹಾಯಿಸಿದಷ್ಟೂ ಇದ್ದದ್ದು ಸಮುದ್ರ.

"ಏನು, ನಿನ್ನ ಎಣ್ಣೆ ಮರಿ ಹಾಕಿದೆಯಾ?" ಬಲೆ ಬಿಡಿಸುತ್ತಿದ್ದ ಎಡ್ವಿನ್ ತಲೆಯೆತ್ತದೆ ಕೇಳಿದ. ಆ ನಡುಗಡ್ಡೆಯಲ್ಲಿದ್ದ ಎರಡೇ ಮನೆಗಳಲ್ಲಿ ಇನ್ನೊಂದು ಅವನದು. ಮೋಟಾರು ಇಬ್ಬರದೂ ಅರ್ಧರ್ಧ.

"ತಮಾಷೆ ಬೇಡ. ಎಂಜಿನ್ನಿನ ಬ್ಲಾಕೇ ಬಿರುಕು ಬಿಟ್ಟು ನೀರು ನುಗ್ಗಿದ್ರೆ ಮೋಟಾರ್ ಕಥೆ ಮುಗೀತು."

"ನಾನು ಆವತ್ತೇ ಹೇಳಿದ್ದೆ. ಶೆಡ್ಡಲ್ಲಿ ಕಾರಿನ ಎಣ್ಣೆ ಡಬ್ಬ ಇತ್ತು, ಎಂಜಿನ್ನಿಗೂ ಗೇರಿಗೂ ಅದೇ ಸಾಕಿತ್ತು."

ವಸಂತದಲ್ಲಿ ಆ ಮಾತಿಗೆ ಮಣಿಯದೆ ಕೈಪಿಡಿಯನ್ನು ಅಕ್ಷರ ಬಿಡದೆ ಓದಿ ಎಣ್ಣೆ ಆರಿಸಿದವಳು ಗುನ್ನೆವಿ. ಎಂಜಿನ್ನಿಗೆ ಉಪ್ಪುನೀರಿನ ತುಕ್ಕು ತಡೆಯುವ, ದೋಣಿಗೆಂದೇ ಮಾಡಿದ ತೆಳು ಎಣ್ಣೆ. ನೀರಿನಲ್ಲಿ ಮುಳುಗಿಯೇ ಇರುವ ಗೇರುಗಳಿಗೆ ಜೇನಿನಷ್ಟು ಮಂದವಾದದ್ದು. ಗೇರ್ ಎಣ್ಣೆಯನ್ನು ಒಳಗೆ ಗಾಳಿ ಉಳಿಯದ ಹಾಗೆ ಕೆಳಗಿನ ತೂತಿನಿಂದ ಮೇಲಕ್ಕೆ ತುಂಬಿದವಳೂ ಅವಳೇ. ಈಗ ತಪ್ಪಾಗಿದ್ದರೆ ತಪ್ಪು ಅವಳದೇ. ತುರ್ಕು ನಗರದ ಮನೆ ಮಾರಿ ಇಲ್ಲಿಗೆ ಬಂದು ಹದಿನಾರು ತಿಂಗಳಾಗಿತ್ತು. ಮೋಟಾರು ಹೋದರೆ ಚಳಿಗಾಲವನ್ನು ಅಲ್ಲೇ ತಂಗಿಯ ಮನೆಯ ಸೋಫಾದ ಮೇಲೆ ಕಳೆಯಬೇಕು. ಒಮ್ಮೆ ಹಾಗೆ ಹೋದವರು ಮರಳಿ ಬಂದದ್ದನ್ನು ಅವಳು ಕೇಳಿರಲಿಲ್ಲ.

ಅವಳು ಎರಡು ಗಾಜಿನ ಜಾಡಿ ತಂದು ಒಂದಕ್ಕೆ ಎಂಜಿನ್ ಎಣ್ಣೆ, ಇನ್ನೊಂದಕ್ಕೆ ಗೇರ್ ಎಣ್ಣೆ ಇಳಿಸಿದಳು. ನೀರು ಸೇರಿದ ಎಣ್ಣೆಗೆ ಬರುವ, ಹಾಲು ಬೆರೆಸಿದ ಕಾಫಿಯ ಬಣ್ಣ ಎರಡರಲ್ಲೂ ಇರಲಿಲ್ಲ. ಅದೊಂದು ಒಳ್ಳೆಯ ಲಕ್ಷಣ. ಆದರೂ ಒಂದೆರಡು ಚಮಚ ನೀರು ಕಣ್ತಪ್ಪಿಸಿ ಅಡಗಿರಬಹುದು. ಎಂಜಿನ್ ಎಣ್ಣೆಯನ್ನು ಮೂಸಿದಾಗ ಪೆಟ್ರೋಲ್ ವಾಸನೆ ಬಂತು, ನಿಜ. ಆದರೆ ಅದು ಆಗತಾನೆ ಟ್ಯಾಂಕ್ ತುಂಬಿಸಿದ್ದ ಕೈಯ ವಾಸನೆಯೂ ಇರಬಹುದೆಂದು ಅವಳು ತನ್ನ ಮೂಗನ್ನು ನಂಬಲಿಲ್ಲ. ಜಾಡಿಗಳನ್ನು ದೋಣಿಮನೆಯ ಕಿಟಕಿಯಲ್ಲಿ ಬಿಸಿಲಿಗಿಟ್ಟಳು.

"ನೀರಿದ್ರೆ ತಳಕ್ಕಿಳಿಯುತ್ತೆ. ಆರು ಗಂಟೆ ಕಾಯ್ಬೇಕು."

"ನೀನು ಮೂವತ್ತು ವರ್ಷ ಡೈರಿ ಲ್ಯಾಬಲ್ಲಿ ಕೂತು ಹಾಲಲ್ಲಿ ನೀರು ಹುಡುಕಿದೆ. ಈಗ ಎಣ್ಣೆಯಲ್ಲಿ ಹುಡುಕ್ತೀಯ. ಹುಡುಕು ಮಾರಾಯ್ತಿ, ಹುಡುಕು," ಎಂದ ಎಡ್ವಿನ್. ಆದರೆ ಆ ದಿನ ಅವನೂ ಮನೆಗೆ ಹೋಗಲಿಲ್ಲ. ಕಪ್ಪು ಬ್ರೆಡ್ಡಿನ ಮೇಲೆ ಉಪ್ಪುಮೀನಿಟ್ಟು ಅವಳಿಗೊಂದು ತುಂಡು ಕೊಟ್ಟ. ಅವಳು ತಿನ್ನದೆ ಕೈಯಲ್ಲೇ ಹಿಡಿದುಕೊಂಡು ಕೂತಳು. ಅವನು ಬಿಡಿಸಿ ಮುಗಿದ ಬಲೆಯನ್ನೇ ಮತ್ತೆ ಬಿಡಿಸತೊಡಗಿದ.

ಎರಡೂವರೆಗೆ ಅವಳು ಜಾಡಿಗಳನ್ನು ಬೆಳಕಿಗೆ ಹಿಡಿದಳು. ತಳದಲ್ಲಿ ಗೆರೆಯಿಲ್ಲ, ಹನಿಯಿಲ್ಲ. ಸೋಪು ಹಾಕಿ ಎರಡು ಸಲ ತೊಳೆದ ಕೈಯಿಂದ ಮೊದಲನೆಯದರ ಮುಚ್ಚಳ ತೆಗೆದು ಮೂಸಿದಳು. ಪೆಟ್ರೋಲೇ, ಅನುಮಾನವೇ ಇಲ್ಲ.

"ಎಡ್ವಿನ್, ಬಲೆ ಹತ್ರ ಮೋಟಾರನ್ನ ಹೇಗೆ ಓಡಿಸ್ತೀಯ?"

"ಹೇಗೆ ಅಂದ್ರೆ? ನಿಧಾನಕ್ಕೆ. ಬಲೆ ಉದ್ದಕ್ಕೂ ತೆವಳಿಸ್ತೀನಿ."

"ವಾಪಸ್ ಬರುವಾಗ?"

"ಆಗ್ಲೂ ನಿಧಾನಕ್ಕೇ."

"ಒಂದು ಸಲನಾದ್ರೂ ಪೂರ್ತಿ ಜೋರು ಕೊಟ್ಟಿದ್ದೀಯಾ?"

ಅವನು ಟೋಪಿ ತೆಗೆದು ಒಳಗೆ ಏನೋ ಬಿದ್ದಿದೆಯೆಂಬಂತೆ ನೋಡಿದ. "ಇಲ್ಲ. ಹಳೇ ಮೋಟಾರನ್ನ ಹೊಡೆದೂ ಹೊಡೆದೂ ನಾನೇ ಸಾಯ್ಸಿದೆ. ಇದಕ್ಕೇನಾದ್ರೂ ಆದ್ರೆ ನೀನು ಊರಿಗೆ ಹೋಗ್ಬಿಡ್ತೀಯಲ್ಲ... ಅದಕ್ಕೇ ಮಗು ಥರ ನಡೆಸ್ದೆ."

ಗುನ್ನೆವಿ ಏನೋ ಹೇಳಲು ಬಾಯಿ ತೆರೆದಳು, ನಗು ಬಂತು. ಬೆಳಗಿನಿಂದ ಎದೆಯಲ್ಲಿ ಕೂತಿದ್ದ ಕಲ್ಲು ಆ ನಗುವಿನ ಜೊತೆಗೇ ಉರುಳಿಹೋಯಿತು. ಕಣ್ಣೊರೆಸಿಕೊಂಡು ವಿವರಿಸಿದಳು: ಈ ತಣ್ಣೀರಿನಲ್ಲಿ ತೆವಳಿಸಿದರೆ ಎಂಜಿನ್ ಬಿಸಿಯಾಗುವುದೇ ಇಲ್ಲ. ಉರಿಯದೆ ಉಳಿದ ಪೆಟ್ರೋಲ್ ಕೆಳಗಿಳಿದು ಎಣ್ಣೆಗೆ ಸೇರಿಕೊಳ್ಳುತ್ತದೆ. ಚೆನ್ನಾಗಿ ಕಾದರೆ ಅದೇ ಪೆಟ್ರೋಲ್ ಆವಿಯಾಗಿ ಹೋಗುತ್ತದೆ. "ಬಿರುಕಿಲ್ಲ, ನೀರಿಲ್ಲ. ಹೊಸ ಎಣ್ಣೆ ಹಾಕೋಣ. ಆಮೇಲೆ ನೀನು ಪ್ರತಿ ಸಲ ಬಲೆ ಎತ್ತಿ ಬರುವಾಗ ಕಾಲು ಗಂಟೆ ಜೋರಾಗಿ ಓಡಿಸ್ಬೇಕು."

"ಜೋರಾಗಿ ಅಂದ್ರೆ ಎಷ್ಟು ಜೋರು?"

"ವೇಗದ ಹಿಡಿ ತಿರುಗೋವಷ್ಟೂ."

"ವೈದ್ಯರ ಆಜ್ಞೆ ಅಂದ್ಕೋತೀನಿ," ಎಂದು ಎಡ್ವಿನ್ ಶೆಡ್ಡಿಗೆ ಹೋದ. ಕಾರಿನ ಎಣ್ಣೆಯ ಡಬ್ಬವನ್ನು ದಾಟಿ, ಅವಳು ತಂದಿಟ್ಟಿದ್ದ ಎರಡು ಡಬ್ಬಗಳನ್ನು ತಾನೇ ಎತ್ತಿಕೊಂಡು ಬಂದ. ಕೆಳಗಿನ ತೂತಿನಿಂದ ಗೇರ್ ಎಣ್ಣೆ ತುಂಬಿದ್ದೂ ಅವನೇ.

ನಾಲ್ಕೂಕಾಲಿಗೆ ದೋಣಿ ಕಟ್ಟೆ ಬಿಟ್ಟಿತು. ಹತ್ತು ನಿಮಿಷ ಕೊಲ್ಲಿಯಲ್ಲಿ ಮೆಲ್ಲಗೆ ಸುತ್ತಿದ ಎಡ್ವಿನ್ ಒಮ್ಮೆ ಕಟ್ಟೆಯ ಮೇಲೆ ನಿಂತಿದ್ದ ಅವಳತ್ತ ತಿರುಗಿ ನೋಡಿ ಹಿಡಿಯನ್ನು ಕೊನೆಯವರೆಗೆ ತಿರುಗಿಸಿದ. ದೋಣಿಯ ಮೂತಿ ಮೇಲೆದ್ದಿತು, ಟೋಪಿ ಹಾರಿತು, ಎಪ್ಪತ್ತೊಂದು ವರ್ಷದ ಗಂಟಲಿನಿಂದ ಒಂದು ಕೇಕೆ ನೀರಿನ ಮೇಲೆ ತೇಲಿ ಬಂತು. ಅವನು ಕಟ್ಟೆಯ ಮುಂದೆ ಹಾದ ಕ್ಷಣವನ್ನೂ ನೀರಿನಲ್ಲಿ ದಾರಿ ಗುರುತಿಗೆ ನೆಟ್ಟಿದ್ದ ಕೆಂಪು ಕಂಬ ದಾಟಿದ ಕ್ಷಣವನ್ನೂ ಗುನ್ನೆವಿ ಗಡಿಯಾರದಲ್ಲಿ ನೋಡಿಕೊಂಡಳು. ಎರಡರ ನಡುವೆ ಒಂಬೈನೂರು ಮೀಟರ್, ಎಪ್ಪತ್ತೊಂಬತ್ತು ಸೆಕೆಂಡ್. ಗಂಟೆಗೆ ನಲವತ್ತೊಂದು ಕಿಲೋಮೀಟರ್. ಮೋಟಾರು ಗಟ್ಟಿಯಾಗಿಯೇ ಇತ್ತು.